35ಕ್ಕೆ ಪಾಸು, 45ಕ್ಕೆ ಸೀಟು: ಈ ಗೆರೆ ಎಳೆದವರು ಯಾರು?

📌 ಭಾಗ 1/8: ಹತ್ತು ಅಂಕದ ಕಥೆ

ಸೆಕೆಂಡ್ ಪಿಯು ರಿಸಲ್ಟ್ ಬಂದ ದಿನ ಬೆಳ್ಳಂದೂರಿನ ಯಾವ ಝೆರಾಕ್ಸ್ ಅಂಗಡಿ ಮುಂದೆ ನಿಂತ್ರೂ ಒಂದೇ ಪ್ರಶ್ನೆ ಕೇಳ್ಸುತ್ತೆ: "ಪಿಸಿಎಂ ಎಷ್ಟು ಬಂತು?"

ಯಾಕೆ ಅಂತ ನಿಮಗೆ ಗೊತ್ತೇ ಇದೆ. ವಿಟಿಯು ಕೆಳಗಿನ ಕಾಲೇಜಲ್ಲಿ ಬಿಇ ಸೇರಬೇಕು ಅಂದ್ರೆ ಫಿಸಿಕ್ಸ್, ಮ್ಯಾಥ್ಸ್, ಜೊತೆಗೆ ಕೆಮಿಸ್ಟ್ರಿ ಥರದ ಮೂರನೇ ವಿಷಯ, ಈ ಮೂರೂ ಸೇರಿ 45% ಇರಬೇಕು. ಎಸ್‌ಸಿ, ಎಸ್‌ಟಿ, ಪ್ರವರ್ಗ 1, 2ಎ, 2ಬಿ, 3ಎ, 3ಬಿ ಆದ್ರೆ 40%. ಸಿಇಟಿ ರ‍್ಯಾಂಕ್ ಎಷ್ಟೇ ಚೆನ್ನಾಗಿರಲಿ, ಪಿಯುನಲ್ಲಿ ಈ ಗೆರೆ ದಾಟದೇ ಇದ್ರೆ ಸೀಟಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ದುಡ್ಡು ಕೊಡ್ತೀನಿ ಅಂದ್ರೂ ಗೆರೆ ಅದೇ.

ಈಗ ಇನ್ನೊಂದು ಲೆಕ್ಕ ನೋಡಿ. ಪಿಯು ಪಾಸಾಗೋಕೆ ಬಹಳ ವರ್ಷ ಬೇಕಾಗಿದ್ದಿದ್ದು 35. ಅಂದ್ರೆ 35ಕ್ಕೂ 45ಕ್ಕೂ ನಡುವೆ ಒಂದು ಗುಂಪು ಇತ್ತು. ಬೋರ್ಡ್ ಅವರಿಗೆ "ನೀನು ಪಾಸು" ಅಂತು, ವಿಶ್ವವಿದ್ಯಾಲಯ "ನೀನು ಸಾಲದು" ಅಂತು. ಅವರ ಕೈಲಿದ್ದದ್ದು ಅದೇ ಒಂದು ಮಾರ್ಕ್ಸ್ ಕಾರ್ಡ್.

ಆ ಹತ್ತು ಅಂಕದ ಜಾಗ ಹೇಗೆ ಹುಟ್ಟಿತು? ಯಾರು ಹುಟ್ಟಿಸಿದ್ರು? ಅದು ನ್ಯಾಯವಾ? ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ ದಾರಿ ಸುಪ್ರೀಂ ಕೋರ್ಟ್‌ವರೆಗೆ ಹೋಗುತ್ತೆ, ಅಲ್ಲಿಂದ ಹಿಂದಕ್ಕೆ ಮದರಾಸಿಗೂ ಹೋಗುತ್ತೆ. ಎಂಟು ಪೋಸ್ಟ್‌ಗಳಲ್ಲಿ ಹೇಳ್ತೀನಿ.

ಮೊದಲೇ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಓದ್ತಾ ನೀವೇ ಪರೀಕ್ಷೆ ಮಾಡಿ: ಗೆರೆ ಎಷ್ಟು ಎತ್ತರ ಇರಬೇಕು ಅಂತ ನಮ್ಮ ರಾಜ್ಯ ನೂರು ವರ್ಷದಿಂದ ಜಗಳ ಆಡಿದೆ. ಆ ಎತ್ತರಕ್ಕೆ ಹತ್ತೋ ಏಣಿ ಯಾರು ಇಡಬೇಕು ಅಂತ ಕೇಳಿದ್ದು ತುಂಬಾ ಕಮ್ಮಿ.

📌 ಭಾಗ 2/8: "ಗುಣಮಟ್ಟ" ಅನ್ನೋ ಮಾತಿನ ಹಳೇ ಜಗಳ

1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಶುರುವಾಯ್ತು. ಮೈಸೂರು ಸಂಸ್ಥಾನಕ್ಕೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು, ಎರಡೂ ಮದರಾಸಿಗೇ ಸೇರಿದ್ದವು. ಬಾಗಿಲು ಅಂದ್ರೆ ಮೆಟ್ರಿಕ್ಯುಲೇಷನ್ ಪರೀಕ್ಷೆ. ಇಂಗ್ಲಿಷ್ ಬರದವರಿಗೆ ಆ ಬಾಗಿಲು ಮುಚ್ಚಿದ ಹಾಗೇ.

1902ರಲ್ಲಿ ವೈಸರಾಯ್ ಕರ್ಜನ್ ಒಂದು ಆಯೋಗ ಮಾಡಿದ. ಅಧ್ಯಕ್ಷ ಥಾಮಸ್ ರಾಲಿ. ವಿಶ್ವವಿದ್ಯಾಲಯಗಳ ಮಟ್ಟ ಇಳಿದಿದೆ, ಏರಿಸಬೇಕು ಅನ್ನೋದು ಅದರ ವಾದ. ಕಾಲೇಜುಗಳಿಗೆ ಕನಿಷ್ಠ ಫೀಸು ನಿಗದಿ ಮಾಡಿ, "ಎರಡನೇ ದರ್ಜೆ" ಕಾಲೇಜುಗಳನ್ನ ಕ್ರಮೇಣ ಕೈಬಿಡಿ ಅನ್ನೋ ಸಲಹೆಗಳೂ ಬಂದವು.

ಆಯೋಗದೊಳಗೇ ಒಬ್ಬರು ಒಪ್ಪಲಿಲ್ಲ. ಕಲ್ಕತ್ತಾ ಹೈಕೋರ್ಟ್ ನ್ಯಾಯಮೂರ್ತಿ ಗುರುದಾಸ್ ಬ್ಯಾನರ್ಜಿ. ಅವರು ಪ್ರತ್ಯೇಕ ಭಿನ್ನಮತದ ಟಿಪ್ಪಣಿ ಬರೆದರು. ಫೀಸು ಏರಿಸಿದ್ರೆ ಆಚೆ ಉಳಿಯೋದು ಬಡವರು ತಾನೇ? ಬಡತನಕ್ಕೂ ದಡ್ಡತನಕ್ಕೂ ಏನು ಸಂಬಂಧ?

1904ರಲ್ಲಿ ವಿಶ್ವವಿದ್ಯಾಲಯಗಳ ಕಾಯ್ದೆ ಬಂತು. ಸೆನೆಟ್ ಮೇಲೆ ಸರ್ಕಾರದ ಹಿಡಿತ ಹೆಚ್ಚಾಯ್ತು, ಕಾಲೇಜುಗಳ ಮಾನ್ಯತೆಯ ನಿಯಮ ಬಿಗಿಯಾಯ್ತು. ಗೋಖಲೆ ಶಾಸನ ಸಭೆಯಲ್ಲೇ ವಿರೋಧ ಮಾಡಿದ್ರು.

ಇಲ್ಲಿ ಒಂದು ವಿಷಯ ಗಮನಿಸಿ. ಕರ್ಜನ್ ಹೇಳಿದ್ದರಲ್ಲಿ ಸತ್ಯ ಇರಲಿಲ್ಲ ಅಂತಲ್ಲ. ಉರು ಹೊಡೆದು ಪಾಸಾಗೋ ರೋಗ ಆಗಲೂ ಇತ್ತು. ಆದ್ರೆ "ಗುಣಮಟ್ಟ ಏರಿಸ್ತೀವಿ" ಅನ್ನೋ ಒಂದೇ ಮಾತಿನಲ್ಲಿ ಎರಡು ಕೆಲಸ ನಡೆದವು: ಪಾಠ ಸರಿ ಮಾಡೋದು ಒಂದು, ಬಾಗಿಲ ಕೀಲಿ ಯಾರ ಕೈಲಿರಬೇಕು ಅನ್ನೋದು ಇನ್ನೊಂದು. ಯಾರಾದ್ರೂ ಮಟ್ಟ ಏರಿಸ್ತೀವಿ ಅಂದಾಗ ಈ ಎರಡನ್ನೂ ಬೇರೆ ಮಾಡಿ ನೋಡೋದು ಒಳ್ಳೇ ಅಭ್ಯಾಸ.

📌 ಭಾಗ 3/8: ವಿಶ್ವೇಶ್ವರಯ್ಯ ಮತ್ತು ಮಿಲ್ಲರ್

1916ರ ಜುಲೈ 27. ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಎಂ. ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಮರುವರ್ಷ, 1917ರಲ್ಲಿ, ಬೆಂಗಳೂರಲ್ಲಿ ಇಂಜಿನಿಯರಿಂಗ್ ಕಾಲೇಜು. ಅದೇ ಇವತ್ತಿನ ಕೆ.ಆರ್. ಸರ್ಕಲ್‌ನ ಯುವಿಸಿಇ.

ಬಾಗಿಲ ಕೀಲಿ ಮದರಾಸಿಂದ ಮನೆಗೆ ಬಂತು. ಆದ್ರೆ ಒಳಗೆ ಹೋಗ್ತಿದ್ದವರು ಯಾರು? ಕಾಲೇಜು ಓದಿ ಸರ್ಕಾರಿ ಕೆಲಸ ಹಿಡಿದವರಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಉಳಿದ ಸಮುದಾಯಗಳ ಮುಖಂಡರು ಮಹಾರಾಜರ ಹತ್ತಿರ ಮನವಿ ಒಯ್ದರು. 1918ರಲ್ಲಿ ಮಹಾರಾಜರು ಸಂಸ್ಥಾನದ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ರು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಹೋಗಬೇಕು.

ವಿಶ್ವೇಶ್ವರಯ್ಯನವರಿಗೆ ಈ ದಾರಿ ಸರಿ ಅನ್ನಿಸಲಿಲ್ಲ. ಆಡಳಿತದ ದಕ್ಷತೆ ಕೆಡುತ್ತೆ, ಮೊದಲು ಎಲ್ಲರಿಗೂ ಶಿಕ್ಷಣ ಹರಡಬೇಕು ಅನ್ನೋದು ಅವರ ನಿಲುವು. 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಈ ಭಿನ್ನಾಭಿಪ್ರಾಯ ಅದಕ್ಕೆ ದೊಡ್ಡ ಕಾರಣ ಅಂತ ಇತಿಹಾಸಕಾರರು ಸಾಮಾನ್ಯವಾಗಿ ಹೇಳ್ತಾರೆ.

ಇಬ್ಬರಲ್ಲಿ ಒಬ್ಬರನ್ನ ಹೀರೋ, ಒಬ್ಬರನ್ನ ವಿಲನ್ ಮಾಡ್ಬೇಡಿ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಡೆಗೆ ಮೈಸೂರು 1913ರಲ್ಲೇ ಕಾನೂನು ಮಾಡಿದ್ದು ಇದೇ ವಿಶ್ವೇಶ್ವರಯ್ಯನವರ ಕಾಲದಲ್ಲಿ. ಅವರು ಏಣಿಯ ಬಗ್ಗೆ ಯೋಚಿಸಿದ್ರು. ಮಿಲ್ಲರ್ ಸಮಿತಿ ಕೇಳಿದ್ದು: ಏಣಿ ಪೂರ್ತಿ ಆಗೋವರೆಗೆ ಕೆಳಗೆ ನಿಂತವರು ಎಷ್ಟು ತಲೆಮಾರು ಕಾಯಬೇಕು?

ಎರಡೂ ಪ್ರಶ್ನೆ ಇವತ್ತಿಗೂ ಜೀವಂತ. ಮುಂದೆ 45ರ ಗೆರೆ ಕಾಯೋ ವಿಶ್ವವಿದ್ಯಾಲಯಕ್ಕೆ ಇಟ್ಟಿರೋದು ವಿಶ್ವೇಶ್ವರಯ್ಯನವರ ಹೆಸರೇ ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ.

📌 ಭಾಗ 4/8: ಸಾವಿರಕ್ಕೆ 6.9

ಸ್ವಾತಂತ್ರ್ಯ ಬಂತು, ರಾಜ್ಯಗಳು ಒಂದಾದವು. ಬಿಎಂಎಸ್ 1946ರಲ್ಲಿ, ಹುಬ್ಬಳ್ಳಿಯ ಬಿವಿಬಿ 1947ರಲ್ಲಿ ಶುರುವಾಗಿದ್ದವು. ಆದ್ರೂ ಇಂಜಿನಿಯರಿಂಗ್, ಮೆಡಿಕಲ್ ಸೀಟು ಕೇಳೋರು ಸೀಟಿಗಿಂತ ಬಹಳ ಹೆಚ್ಚು.

ಮೈಸೂರು ಸರ್ಕಾರ ನಾಗನಗೌಡ ಸಮಿತಿ ಮಾಡಿತು. ಯಾರು ಹಿಂದುಳಿದವರು ಅಂತ ಅಳೆಯೋಕೆ ಸಮಿತಿ ಒಂದು ಅಳತೆ ಹುಡುಕಿತು: ಪ್ರತಿ ಸಮುದಾಯದಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೇ ಮೂರು ತರಗತಿಗಳಲ್ಲಿ ಇದ್ದಾರೆ? ಇಡೀ ರಾಜ್ಯದ ಸರಾಸರಿ 6.9.

ಒಂದು ಸೆಕೆಂಡ್ ನಿಲ್ಲಿ. ಸಾವಿರ ಜನರಲ್ಲಿ ಏಳು ಮಕ್ಕಳೂ ಇಲ್ಲ! ರಾಜ್ಯವೆಲ್ಲಾ ಕಾಲೇಜು ಬಾಗಿಲಲ್ಲಿ ಜಗಳ ಆಡ್ತಿತ್ತು, ಅತ್ತ ಹೈಸ್ಕೂಲಿನ ಕೊನೇ ಮೆಟ್ಟಿಲು ಮುಟ್ಟಿದವರೇ ಇಷ್ಟು.

1962ರ ಜುಲೈ 31ರಂದು ಸರ್ಕಾರದ ಆದೇಶ ಬಂತು. ಹಿಂದುಳಿದವರಿಗೆ 28%, ಅತಿ ಹಿಂದುಳಿದವರಿಗೆ 22%, ಎಸ್‌ಸಿ 15%, ಎಸ್‌ಟಿ 3%. ಒಟ್ಟು 68%. ಉಳಿದ 32% ಸೀಟು ಮಾತ್ರ ಎಲ್ಲರಿಗೂ ತೆರೆದದ್ದು. ಸರಾಸರಿಯನ್ನ ಸ್ವಲ್ಪ ದಾಟಿದ್ದ ಸಮುದಾಯವೂ ಹಿಂದುಳಿದ ಪಟ್ಟಿಯಲ್ಲಿತ್ತು.

ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯ್ತು. ಎಂ.ಆರ್. ಬಾಲಾಜಿ ವಿರುದ್ಧ ಮೈಸೂರು ರಾಜ್ಯ. ಎರಡೇ ತಿಂಗಳಲ್ಲಿ, ಅದೇ ಸೆಪ್ಟೆಂಬರ್‌ನಲ್ಲಿ, ನ್ಯಾಯಮೂರ್ತಿ ಗಜೇಂದ್ರಗಡ್ಕರ್ ತೀರ್ಪು ಬರೆದು ಆದೇಶ ರದ್ದು ಮಾಡಿದ್ರು. ಜಾತಿಯೊಂದೇ ಅಳತೆ ಆಗಬಾರದು, ಮೀಸಲಾತಿ ಸಾಮಾನ್ಯವಾಗಿ 50%ಗಿಂತ ಕಡಿಮೆ ಇರಬೇಕು ಅಂದ್ರು. ಇವತ್ತು ನ್ಯೂಸ್‌ನಲ್ಲಿ "50% ಮಿತಿ" ಅಂತ ಕೇಳ್ತೀರಲ್ಲ, ಅದರ ಬೇರು ನಮ್ಮ ರಾಜ್ಯದ ಇಂಜಿನಿಯರಿಂಗ್, ಮೆಡಿಕಲ್ ಸೀಟಿನ ಜಗಳದಲ್ಲಿದೆ. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನ ಇನ್ನೂ ಗಟ್ಟಿ ಮಾಡಿತು.

ಎಷ್ಟು ಪರ್ಸೆಂಟ್ ಅನ್ನೋದನ್ನ ಕೋರ್ಟ್ ಹೇಳಿತು. ಆ 6.9 ಅನ್ನ ಏರಿಸೋ ಕೆಲಸ ಕೋರ್ಟ್ ಮಾಡೋಕಾಗಲ್ಲ. ಅದು ಶಾಲೆ ಕಟ್ಟೋರ ಕೆಲಸ.

📌 ಭಾಗ 5/8: ಇಂಟರ್‌ವ್ಯೂ ಅನ್ನೋ ಇನ್ನೊಂದು ಗೆರೆ

ಬಾಲಾಜಿ ತೀರ್ಪು ಆದ್ಮೇಲೆ ಸರ್ಕಾರ ಸುಮ್ಮನೆ ಕೂರಲಿಲ್ಲ. 1963ರ ಜುಲೈನಲ್ಲಿ ಹೊಸ ಆದೇಶ. ಈ ಸಲ ಜಾತಿ ಬಿಟ್ಟು ಆದಾಯ ಮತ್ತು ಕಸುಬು ನೋಡಿದ್ರು: ಮನೆಯ ವಾರ್ಷಿಕ ಆದಾಯ 1,200 ರೂಪಾಯಿ ಅಥವಾ ಕಡಿಮೆ, ಜೊತೆಗೆ ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆ ನೌಕರಿ, ಕೈಕಸುಬು, ಕೂಲಿ ಥರದ ಕೆಲಸ. ಇಂಥವರಿಗೆ 30%, ಎಸ್‌ಸಿ 15%, ಎಸ್‌ಟಿ 3%. ಒಟ್ಟು 48%. 50ರ ಒಳಗೇ!

ಜೊತೆಗೆ ಇನ್ನೊಂದು ಬದಲಾವಣೆ. ಬರೀ ಪರೀಕ್ಷೆ ಅಂಕ ಸಾಲದು, ಇಂಟರ್‌ವ್ಯೂ ಕೂಡ ಇರಲಿ ಅಂತ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ 25%ರಷ್ಟು ಅಂಕ ಇಂಟರ್‌ವ್ಯೂಗೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚೆ, ನಾಟಕ, ಸಮಾಜಸೇವೆ, ಎಲ್ಲಕ್ಕೂ ಅಂಕ.

ಕೇಳೋಕೆ ಚೆಂದ ಇದೆ ಅಲ್ವಾ? ಬರೀ ಉರು ಹೊಡೆಯೋರನ್ನ ಬಿಟ್ಟು ಆಲ್‌ರೌಂಡರ್‌ಗಳನ್ನ ಆರಿಸೋದು! ಆದ್ರೆ ಯೋಚನೆ ಮಾಡಿ. ಹಳ್ಳಿ ಹೈಸ್ಕೂಲಲ್ಲಿ ಎನ್‌ಸಿಸಿ ಎಲ್ಲಿತ್ತು? ಇಂಗ್ಲಿಷ್ ಡಿಬೇಟ್ ಎಲ್ಲಿತ್ತು? ಸೂಟು ಹಾಕ್ಕೊಂಡ ಸಮಿತಿ ಮುಂದೆ ಕೂತು ಹೆದರದೆ ಮಾತಾಡೋ ಅಭ್ಯಾಸ ಯಾವ ಮನೆಯಲ್ಲಿ ಸಿಗುತ್ತಿತ್ತು?

ಇದೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 1964ರ ಆರ್. ಚಿತ್ರಲೇಖಾ ಪ್ರಕರಣ. ಇಂಟರ್‌ವ್ಯೂ ಇಡೋ ಅಧಿಕಾರ ಸರ್ಕಾರಕ್ಕೆ ಇದೆ ಅಂತ ಬಹುಮತದ ತೀರ್ಪು ಬಂತು. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನಮತ ಬರೆದರು. ಮುಂದೆ 1981ರಲ್ಲಿ, ಶ್ರೀನಗರದ ರೀಜನಲ್ ಇಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ, ಇಂಟರ್‌ವ್ಯೂಗೆ ಮೂರನೇ ಒಂದು ಭಾಗ ಅಂಕ ಇಡೋದು ಮನಸೋಇಚ್ಛೆ ಆಗುತ್ತೆ, 15% ದಾಟಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿತು.

ಈಗ ಟೆಕ್ ಪಾರ್ಕ್‌ನ ಎಚ್‌ಆರ್ ರೌಂಡ್‌ನಲ್ಲಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದಾಗ ಕೈ ಬೆವರುತ್ತಲ್ಲ, ಆ ಬೆವರಿಗೆ ಅರವತ್ತು ವರ್ಷದ ಹಳೇ ಸಂಬಂಧಿಕರಿದ್ದಾರೆ.

📌 ಭಾಗ 6/8: ದುಡ್ಡಿನ ಬಾಗಿಲು, ಸಿಇಟಿ ಬಾಗಿಲು

ಎಪ್ಪತ್ತು ಎಂಬತ್ತರ ದಶಕದಲ್ಲಿ ಖಾಸಗಿ ಕಾಲೇಜುಗಳು ಹೆಚ್ಚಾದವು. ಜೊತೆಗೆ ಡೊನೇಷನ್ ಕೂಡ. ಅಂಕ ಕಮ್ಮಿ ಇದ್ರೂ ಸೂಟ್‌ಕೇಸ್ ಇದ್ರೆ ಸೀಟು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂತು.

ಕಾಯ್ದೆ ಬಂದ್ರೂ ಫೀಸಿನಲ್ಲಿ ಮೂರು ದರ ಉಳಿದವು. 1989ರ ಅಧಿಸೂಚನೆ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000. ತುಮಕೂರಿನ ಒಂದು ಮೆಡಿಕಲ್ ಕಾಲೇಜಲ್ಲಿ ಆ 60,000 ಕಟ್ಟೋಕಾಗದೆ ಸೀಟು ಕಳ್ಕೊಂಡ ಉತ್ತರಪ್ರದೇಶದ ವಿದ್ಯಾರ್ಥಿನಿಯಿಂದ ಮೋಹಿನಿ ಜೈನ್ ಪ್ರಕರಣ ಹುಟ್ಟಿತು. 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವೂ ಹಕ್ಕು ಅಂತು. 1993ರ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನ 14 ವರ್ಷದೊಳಗಿನ ಮಕ್ಕಳಿಗೆ ಸೀಮಿತ ಮಾಡಿತು. ವೃತ್ತಿಪರ ಕಾಲೇಜುಗಳಿಗೆ ಒಂದು ಯೋಜನೆ ಕೊಟ್ಟಿತು: ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್, ಎರಡಕ್ಕೂ ಮೆರಿಟ್ಟೇ ಆಧಾರ.

ಇದರ ಬೆನ್ನಿಗೇ, 1994ರಲ್ಲಿ, ನಮ್ಮ ಸಿಇಟಿ ಸೆಲ್ ಬಂತು. ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆ, ಒಂದೇ ಪಟ್ಟಿ. ಗುಲ್ಬರ್ಗದ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ಸಾಲು. ಇಂಟರ್‌ವ್ಯೂ ಇಲ್ಲ, ಶಿಫಾರಸು ಚೀಟಿ ಇಲ್ಲ. ಎಷ್ಟೋ ಮನೆಯ ಮೊದಲ ಇಂಜಿನಿಯರ್ ಹುಟ್ಟಿದ್ದು ಈ ಪಟ್ಟಿಯಿಂದ.

2002ರ ಟಿಎಂಎ ಪೈ ತೀರ್ಪು ಉನ್ನಿಕೃಷ್ಣನ್ ಯೋಜನೆಯನ್ನ ಕೈಬಿಟ್ಟಿತು, ಖಾಸಗಿ ಕಾಲೇಜುಗಳಿಗೆ ಹೆಚ್ಚು ಸ್ವಾತಂತ್ರ್ಯ ಸಿಕ್ಕಿತು. ಮುಂದೆ ಕಾಮೆಡ್‌-ಕೆ, ಮ್ಯಾನೇಜ್‌ಮೆಂಟ್ ಸೀಟು, ನಿಮಗೆ ಗೊತ್ತಿರೋ ಲೋಕ.

ಸಿಇಟಿ ಪಟ್ಟಿಯೊಳಗೇ ಎರಡು ಚಿಕ್ಕ ಸಾಲುಗಳಿವೆ, ನೋಡಿ: ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5%. ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಭಾಷೆಯಲ್ಲಿ ಓದಿದ್ರಿ ಅನ್ನೋದರ ಮೇಲೆ ಅಂಕದ ತೂಕ ಬದಲಾಗುತ್ತೆ ಅಂತ ರಾಜ್ಯ ತಾನೇ ಒಪ್ಪಿಕೊಂಡ ಸಾಲುಗಳು ಅವು.

📌 ಭಾಗ 7/8: 2011, ವಿಟಿಯು ಗೆದ್ದ ಕೇಸು

ಈಗ ನಮ್ಮ ಹತ್ತು ಅಂಕಕ್ಕೆ ಬರೋಣ.

1998ರಲ್ಲಿ ವಿಟಿಯು ಶುರುವಾಯ್ತು, ಕೇಂದ್ರ ಬೆಳಗಾವಿ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೆಳಗೆ ಹಂಚಿಹೋಗಿದ್ದ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಐಟಿ ಏರ್ತಿತ್ತು, ಕಾಲೇಜುಗಳೂ ಏರಿದವು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ನಮ್ಮ ರಿಂಗ್ ರೋಡ್, ಎಲ್ಲಿ ಕಂಪನಿ ಬಂತೋ ಅದರ ಹತ್ತಿರ ಕಾಲೇಜಿನ ಬೋರ್ಡೂ ಬಂತು.

ಆಮೇಲೆ ಉಲ್ಟಾ ಆಯ್ತು. ಸೀಟು ಜಾಸ್ತಿ, ಸೇರೋರು ಕಮ್ಮಿ. ಕೆಲವು ಕಾಲೇಜುಗಳು 45% ಇಲ್ಲದವರನ್ನೂ ಸೇರಿಸಿಕೊಂಡವು. ಅವರ ವಾದ: ಎಐಸಿಟಿಇ ನಿಯಮದ ಪ್ರಕಾರ ಪಾಸಾಗಿದ್ರೆ ಸಾಕು. ರಾಷ್ಟ್ರಮಟ್ಟದ ಸಂಸ್ಥೆಗೇ ಸಾಕು ಅಂದ್ಮೇಲೆ ರಾಜ್ಯ ಯಾಕೆ ಗೆರೆ ಏರಿಸಬೇಕು? ಅದೂ ಸೀಟು ಖಾಲಿ ಬಿದ್ದಿರುವಾಗ? ವಿಟಿಯು ಆ ಪ್ರವೇಶಗಳನ್ನ ಒಪ್ಪಲಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ವಿಟಿಯು ಪರ ತೀರ್ಪು ಕೊಟ್ಟಿತು. ತೀರ್ಪಿನ ಸಾರ ಹೀಗೆ:

▪️ ಎಐಸಿಟಿಇ ಹೇಳೋದು ಕನಿಷ್ಠ ಮಟ್ಟ. ರಾಜ್ಯ ಅಥವಾ ವಿಶ್ವವಿದ್ಯಾಲಯ ಅದನ್ನ ಇಳಿಸೋ ಹಾಗಿಲ್ಲ, ಏರಿಸಬಹುದು.
▪️ ಏರಿಸೋಕೆ ಎರಡು ಉದ್ದೇಶ: ಓದಿನ ಗುಣಮಟ್ಟ ಕಾಯೋದು, ಅರ್ಜಿ ಹೆಚ್ಚಿದ್ದಾಗ ಆರಿಸೋದು.
▪️ ಸೀಟು ಖಾಲಿ ಇದೆ ಅನ್ನೋ ಕಾರಣಕ್ಕೆ ಆ ವರ್ಷ ಅರ್ಹತೆಯ ನಿಯಮ ಮಾಯ ಆಗಲ್ಲ. ಸೀಟು ಖಾಲಿ ಉಳಿಯೋಕೆ ಮುಖ್ಯ ಕಾರಣ ಖಾಸಗಿ ಕಾಲೇಜುಗಳು ಅಣಬೆ ಥರ ಎದ್ದಿದ್ದು.

ಮೂರನೇ ಮಾತು ನನಗೆ ಸರಿ ಅನ್ನಿಸುತ್ತೆ. ಖಾಲಿ ಬೆಂಚು ತುಂಬಿಸೋಕೆ ಹುಡುಗರನ್ನ ಕರ್ಕೊಂಡು ಬಂದು, ಮೊದಲ ಸೆಮಿಸ್ಟರ್ ಎಂ1ನಲ್ಲೇ ಬ್ಯಾಕ್ ಹಾಕಿಸಿ, ನಾಲ್ಕು ವರ್ಷದ ಫೀಸು ಕಟ್ಟಿಸ್ಕೊಂಡು, ಡಿಗ್ರಿ ಇಲ್ಲದೆ ಕಳ್ಸೋದು ಯಾವ ಸಾಮಾಜಿಕ ನ್ಯಾಯ? ಅಲ್ಲಿ ಗೆರೆ ಇಳಿದದ್ದು ವಿದ್ಯಾರ್ಥಿಗೋಸ್ಕರ ಅಲ್ಲ, ಬ್ಯಾಲೆನ್ಸ್ ಶೀಟ್‌ಗೋಸ್ಕರ.

ಆದ್ರೆ ಇನ್ನೊಂದು ಪ್ರಶ್ನೆ ಉಳಿಯುತ್ತೆ. ಗೆರೆ ಕಾಯೋ ಹಕ್ಕು ವಿಶ್ವವಿದ್ಯಾಲಯಕ್ಕೆ ಸಿಕ್ಕಿತು. ಗೆರೆಯ ಕೆಳಗೆ ಉಳಿದ ಹುಡುಗನ ಜವಾಬ್ದಾರಿ ಯಾರಿಗೆ ಸಿಕ್ಕಿತು?

📌 ಭಾಗ 8/8: ಏಣಿ ಎಲ್ಲಿದೆ?

ಬೇರೆ ಕಡೆ ಏನು ಮಾಡಿದ್ರು ನೋಡೋಣ. 1960ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶದ ಮಟ್ಟ ಏರಿಸಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ, ಸ್ಟೇಟ್ ಕಾಲೇಜುಗಳಿಗೆ ಮೇಲಿನ ಮೂರನೇ ಒಂದು ಭಾಗ. ಕಠಿಣ ಗೆರೆ. ಆದ್ರೆ ಅದೇ ಯೋಜನೆಯಲ್ಲಿ ಇನ್ನೊಂದು ಸಾಲು ಇತ್ತು: ಎರಡು ವರ್ಷದ ಜೂನಿಯರ್ ಕಾಲೇಜುಗಳು ಎಲ್ಲರಿಗೂ ತೆರೆದಿರಬೇಕು, ಅಲ್ಲಿ ಚೆನ್ನಾಗಿ ಓದಿದವರು ಮುಂದೆ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗ ಆಗಬಹುದು. ಅದೂ ಪರಿಪೂರ್ಣ ಏನಲ್ಲ, ವರ್ಗ ಆಗದೆ ಮಧ್ಯದಲ್ಲೇ ಉಳಿದವರು ಬಹಳ. ಆದ್ರೂ ಗೆರೆ ಮತ್ತು ಏಣಿ ಒಂದೇ ಕಾಗದದಲ್ಲಿ ಇದ್ದವು.

ನಮ್ಮಲ್ಲೂ ಒಂದು ಏಣಿ ಇದೆ, ಅದಕ್ಕೆ ಯಾರೂ ಫ್ಲೆಕ್ಸ್ ಹಾಕಲ್ಲ. ಪಾಲಿಟೆಕ್ನಿಕ್. ಎಸ್ಸೆಸ್ಸೆಲ್ಸಿ ಆದ್ಮೇಲೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಕ್ಲಾಸಲ್ಲಿ "ಲ್ಯಾಟರಲ್" ಅಂತ ಕರೀತೀವಲ್ಲ, ಅವರು. ಲ್ಯಾಬಲ್ಲಿ ಅವರ ಕೈ ನಮಗಿಂತ ಚುರುಕಾಗಿ ಓಡೋದು ನೀವೂ ನೋಡಿರ್ತೀರ. ಗಣಿತದಲ್ಲಿ ಮಾತ್ರ ಸ್ವಲ್ಪ ಕಷ್ಟ. ಅದಕ್ಕೇ ಅವರಿಗೆ ಬ್ರಿಡ್ಜ್ ಗಣಿತ ಅಂತ ಇರೋದು.

ಆ ಮಾತು ಗಮನಿಸಿ: ಬ್ರಿಡ್ಜ್. ಸೇತುವೆ. ಲ್ಯಾಟರಲ್‌ನವರಿಗೆ ಅದು ಬೇಕು ಅಂತ ವಿಶ್ವವಿದ್ಯಾಲಯಕ್ಕೆ ಗೊತ್ತಿದೆ. ಹಾಗಾದ್ರೆ 41 ತಗೊಂಡ ಪಿಯು ಹುಡುಗಿಗೆ, ಸರ್ಕಾರದ ಖರ್ಚಲ್ಲಿ, ಒಂದು ವರ್ಷದ ಗಣಿತ ಮತ್ತು ಇಂಗ್ಲಿಷ್ ಸೇತುವೆ ಕಟ್ಟೋಕೆ ಏನು ಅಡ್ಡಿ? 45 ಇರಲಿ. ಬೇಕಾದ್ರೆ 50 ಮಾಡಿ. ಆದ್ರೆ ಗೆರೆ ಏರಿಸೋ ಪ್ರತಿ ಆದೇಶದ ಕೆಳಗೆ ಇನ್ನೊಂದು ಸಾಲು ಇರಬೇಕು: ಈ ಮಟ್ಟಕ್ಕೆ ಮಕ್ಕಳನ್ನ ತರೋಕೆ ಎಷ್ಟು ದುಡ್ಡು, ಎಷ್ಟು ಮೇಷ್ಟ್ರು, ಯಾವ ಊರಲ್ಲಿ?

2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆ ರದ್ದಾಗಿ ಬರೀ ಸಿಇಟಿ ಮೇಲೆ ರ‍್ಯಾಂಕ್ ಕೊಟ್ಟರು. 2022ರಲ್ಲಿ ರಿಪೀಟರ್ಸ್ ಪಿಯು ಅಂಕ ಲೆಕ್ಕಕ್ಕೆ ತಗೊಳ್ಳಲ್ಲ ಅಂದಾಗ ವಿದ್ಯಾರ್ಥಿಗಳು ಹೈಕೋರ್ಟ್‌ಗೆ ಹೋದ್ರು, ಸೂತ್ರ ಬದಲಾಯ್ತು. ಅಂದ್ರೆ ಈ ಗೆರೆಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ. 1962ರಲ್ಲೂ, 2022ರಲ್ಲೂ ಪ್ರಶ್ನೆ ಕೇಳಿದವರು ನಿಮ್ಮ ವಯಸ್ಸಿನವರೇ.

ಕೊನೆಗೆ ಒಂದು ಉಪಯೋಗದ ಮಾತು. ಮನೆಯಲ್ಲಿ ಪಿಯು ಓದೋ ತಮ್ಮನೋ ತಂಗಿಯೋ ಇದ್ರೆ ಹೇಳಿ: ಬರೀ ಸಿಇಟಿ ಕೋಚಿಂಗ್ ನಂಬ್ಕೊಂಡು ಬೋರ್ಡ್ ಪರೀಕ್ಷೆ ಕಡೆಗಣಿಸಬೇಡಿ, ಮೂರು ವಿಷಯದ ಒಟ್ಟು ನೋಡ್ಕೊಳ್ಳಿ. ಎಸ್ಸೆಸ್ಸೆಲ್ಸಿ ಓದೋರಿದ್ರೆ ಡಿಪ್ಲೊಮಾ ದಾರಿನೂ ಹೇಳಿ. ಅದು ಸೋತವರ ದಾರಿ ಅಂತ ಯಾರಾದ್ರೂ ಅಂದ್ರೆ ನಿಮ್ಮ ಕ್ಲಾಸಿನ ಲ್ಯಾಟರಲ್‌ ಗೆಳೆಯರನ್ನ ತೋರಿಸಿ.

ಸೇವ್ ಮಾಡ್ಕೊಳ್ಳಿ, ಬೇಕಾದವರಿಗೆ ಕಳ್ಸಿ. 🙏

#ಕನ್ನಡದಲ್ಲಿಇತಿಹಾಸ #ಬೆಳ್ಳಂದೂರು #ಸಿಇಟಿ #ವಿಟಿಯು #ಪಿಯುನಂತರ